ಹಲಸಿನ ಬೆಂಚೂ ವಿದ್ಯುತ್ ಗಿಟಾರೂ

ಈ ಸ್ಮರಣ ಸಂಚಿಕೆಗಾಗಿ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ವರ್ಗದ ಸಹೋದರಿಯರು ನಮ್ಮನ್ನು ಕೇಳಿಕೊಂಡಾಗ, ಪರೀಕ್ಷೆಯ ಫಲಿತಾಂಶ, ಕಟ್ಟಡದ ವರದಿ ಇವುಗಳನ್ನು ಬಿಟ್ಟು ಬೇರೇನನ್ನಾದರೂ ಬರೆಯಿರಿ ಎಂದು ಒತ್ತಿ ಹೇಳಿದರು. ಅವರ ಮನಸ್ಸಿನಲ್ಲಿದ್ದುದು ಏನೆಂಬುದು ನಮಗೆ ತಿಳಿಯದೆ ಇರಲಿಲ್ಲ. ಮುಖ್ಯೋಪಾಧ್ಯಾಯಿನಿಯವರು ರಜಾ ದಿನಗಳಲ್ಲಿ ಸೆರಗು ಬಿಗಿದು ಬಡಗಿಯ ಕೆಲಸ ಮಾಡುತ್ತಾರಂತೆ, ಅದೂ ಬೆಂಚು ಕುರ್ಚಿಗಳನ್ನಲ್ಲ, ವಿದ್ಯುತ್ ಗಿಟಾರನ್ನಂತೆ ಎಂಬ ಸುದ್ದಿಯು ಊರಲ್ಲಿ ಹಬ್ಬಿ ಒಂದು ವರುಷವಾಯಿತು. ತಂದೆತಾಯಿಗಳ ಸಭೆಯಲ್ಲಿ ಇಬ್ಬರು ಮಹನೀಯರು ಇದನ್ನು ಮೆಲ್ಲಗೆ ವಿಚಾರಿಸಿದ್ದೂ ಉಂಟು. ಆದುದರಿಂದ ಸುದ್ದಿಯು ಇನ್ನಷ್ಟು ಬೆಳೆಯುವುದಕ್ಕೆ ಮುಂಚೆ ನಡೆದುದನ್ನು ನಡೆದಂತೆಯೇ ತಿಳಿಸಿಬಿಡುವುದು ಒಳ್ಳೆಯದೆಂದು ತೋರಿತು.

ಮೊದಲು ನಮ್ಮ ತಪ್ಪನ್ನು ಹೇಳುವೆವು. ಕೆಲವು ವರುಷಗಳ ಹಿಂದೆ ವಾರ್ಷಿಕೋತ್ಸವವು ಸಮೀಪಿಸಿದ್ದಾಗ ಹತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿಯು, ತನ್ನ ಅಣ್ಣನ ವಿದ್ಯುತ್ ಗಿಟಾರನ್ನು ತಂದು ನುಡಿಸಲು ಅಪ್ಪಣೆಯಾಗಬೇಕೆಂದು ಒಂದು ಚೀಟಿಯನ್ನು ಬರೆದು ನಮ್ಮ ಮೇಜಿನ ಮೇಲಿಟ್ಟಳು. ಅದರ ಕೆಳಗೆ ನಾವು, ಇಂಥ ಗದ್ದಲದ ವಾದ್ಯಕ್ಕೆ ನಮ್ಮ ಶಾಲೆಯಲ್ಲಿ ಎಡೆಯಿಲ್ಲ, ಹಾರ್ಮೋನಿಯಮ್ ಇದೆ ಎಂದು ಕೆಂಪು ಶಾಯಿಯಿಂದ ಬರೆದು ಹಿಂದಕ್ಕೆ ಕೊಟ್ಟೆವು. ಅವಳು ಅದನ್ನು ಓದಿ, ಸ್ವಲ್ಪ ಹೊತ್ತು ನಿಂತು, "ಟೀಚರ್, ನೀವು ಅದನ್ನು ಎಂದಾದರೂ ಕೇಳಿದ್ದೀರಾ?" ಎಂದಳು. ಅದರಲ್ಲಿ ಅವಿನಯವೇನೂ ಇರಲಿಲ್ಲ. ನಿಜವಾಗಿ ನಾವು ಅದನ್ನು ಕೇಳಿರಲೇ ಇಲ್ಲ. ಆದರೆ ಆ ಸಮಯದಲ್ಲಿ ನಮ್ಮ ಬಾಯಿಂದ ಬಂದ ಉತ್ತರವು "ತರಗತಿಗೆ ಹೋಗು" ಎಂಬುದಷ್ಟೇ. ಆ ವರುಷದ ಉತ್ಸವದಲ್ಲಿ ಅವಳು ಯಾವುದರಲ್ಲಿಯೂ ಭಾಗವಹಿಸಲಿಲ್ಲ. ಪರೀಕ್ಷೆಯನ್ನು ಚೆನ್ನಾಗಿ ಮುಗಿಸಿ ಶಾಲೆಯನ್ನು ಬಿಟ್ಟುಹೋದಳು.

ಆ ಬೇಸಗೆಯ ರಜೆಯಲ್ಲಿ, ಒಂದು ವಸ್ತುವನ್ನು ತಿಳಿಯದೆ ಬೇಡವೆಂದ ಉಪಾಧ್ಯಾಯಿನಿಯು ಅದನ್ನು ಈಗಲಾದರೂ ತಿಳಿದುಕೊಳ್ಳಬೇಕಷ್ಟೆ ಎಂದು ಕೇಳಲೂ ಓದಲೂ ತೊಡಗಿದೆವು. ಅಮೇರಿಕಾ ದೇಶದಲ್ಲಿ 1920ರ ಅನಂತರ ದೊಡ್ಡ ವಾದ್ಯಮೇಳಗಳು ಬಂದಾಗ, ತುತ್ತೂರಿ ನಗಾರಿಗಳ ನಡುವೆ ಗಿಟಾರಿನ ದನಿಯು ಯಾರಿಗೂ ಕೇಳಿಸದಾಯಿತು. ಆ ಕಷ್ಟದಿಂದಲೇ ಈ ವಾದ್ಯವು ಹುಟ್ಟಿದ್ದು. 1931ರಲ್ಲಿ ಲಾಸ್ ಏಂಜಲೀಸಿನಲ್ಲಿ ಜಾರ್ಜ್ ಬೋಷಾಂ ಎಂಬವರು ತಂತಿಗಳ ಬಳಿಯಲ್ಲಿ ಅಯಸ್ಕಾಂತವನ್ನೂ ತಾಮ್ರದ ಸುರುಳಿಯನ್ನೂ ಇಟ್ಟು ಒಂದು ಗಿಟಾರನ್ನು ಮಾಡಿದರು. ಗುಂಡಗಿನ ಒಡಲೂ ಉದ್ದದ ಹಿಡಿಯೂ ಇದ್ದ ಅದನ್ನು ಜನರು ಬಾಣಲೆ ಎಂದು ಕರೆದರು. 1940ರ ಸುಮಾರಿಗೆ ಲೆಸ್ ಪಾಲ್ ಎಂಬ ವಾದಕರು ನಾಲ್ಕಂಗುಲದ ಚೌಕದ ಒಂದು ಮರದ ತೊಲೆಗೆ ತಂತಿಗಳನ್ನು ಬಿಗಿದು, ನೋಡುವವರಿಗೆ ಗಿಟಾರಿನಂತೆ ಕಾಣಲೆಂದು ಇಬ್ಬದಿಗೂ ಬೇರೆ ಗಿಟಾರಿನ ಎರಡು ಹೋಳುಗಳನ್ನು ಅಂಟಿಸಿದರು. ರೇಡಿಯೋ ರಿಪೇರಿಯ ಅಂಗಡಿಯಿಟ್ಟಿದ್ದ ಲಿಯೋ ಫೆಂಡರ್ ಎಂಬವರು 1950ರಲ್ಲಿ ಗಟ್ಟಿ ಮರದ ಗಿಟಾರನ್ನು ಮಾರಾಟಕ್ಕೆ ತಂದರು. ಅವರಿಗೆ ಗಿಟಾರನ್ನು ನುಡಿಸಲು ಬರುತ್ತಿರಲಿಲ್ಲವೆಂಬ ಸಂಗತಿಯು ನಮಗೆ ಮುಂದೆ ಬಹಳ ಧೈರ್ಯವನ್ನು ಕೊಟ್ಟಿತು.

ನಮ್ಮನ್ನು ನಿಜವಾಗಿ ನಾಚಿಸಿದವರು ಸಿಸ್ಟರ್ ರೊಸೆಟ್ಟಾ ಥಾರ್ಪ್. ಇವರು ಸಂನ್ಯಾಸಿನಿಯಲ್ಲ, ಸುವಾರ್ತೆಯನ್ನು ಸಾರುತ್ತಿದ್ದ ಒಬ್ಬ ತಾಯಿಯ ಮಗಳು. ಎಳೆಯ ಪ್ರಾಯದಿಂದ ಸಭೆಗಳಲ್ಲಿ ಗಿಟಾರು ಹಿಡಿದು ಹಾಡುತ್ತಿದ್ದವರು. 1964ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಒಂದು ಪಾಳುಬಿದ್ದ ರೈಲ್ವೆ ನಿಲ್ದಾಣದಲ್ಲಿ, ಮಳೆ ಬಂದು ನೆನೆದ ನೆಲದ ಮೇಲೆ, ದಪ್ಪ ಮೇಲಂಗಿಯನ್ನು ತೊಟ್ಟು, ಬಿಳಿಯ ವಿದ್ಯುತ್ ಗಿಟಾರಿನಲ್ಲಿ ಅವರು ಕೀರ್ತನೆಯನ್ನು ನುಡಿಸುವ ಚಿತ್ರವು ಈಗಲೂ ನೋಡಲು ಸಿಕ್ಕುತ್ತದೆ. ಅದನ್ನು ನೋಡಿದ ರಾತ್ರಿ ಕೆಂಪು ಶಾಯಿಯ ಆ ಚೀಟಿಯು ನೆನಪಿಗೆ ಬಂದು ನಮಗೆ ನಿದ್ರೆ ಹತ್ತಲಿಲ್ಲ.

ಆಗ ಶಾಲೆಗೆ ಒಂದು ಗಿಟಾರನ್ನು ಕೊಂಡು ತರಬೇಕೆಂದು ಬೆಂಗಳೂರಿನ ಅಂಗಡಿಯೊಂದಕ್ಕೆ ಹೋದೆವು. "ಮಗನಿಗೋ ಮೇಡಂ?" ಎಂದು ಕೇಳಿದ ಹುಡುಗನಿಗೆ, ಅಲ್ಲ, ನಮಗೇ ಎಂದು ಹೇಳಲು ಅವನು ಬಹು ಮರ್ಯಾದೆಯಿಂದ ಎಲ್ಲಕ್ಕೂ ಅಗ್ಗದ್ದನ್ನು ತೋರಿಸಿದನು. ಮಕ್ಕಳಿಗೆ ಈ ವಾದ್ಯವನ್ನು ಕೊಡಿಸಬೇಕೆಂದಿರುವ ತಂದೆತಾಯಿಗಳಿಗಾಗಿ, ನಾವು ಆ ದಿನವೂ ಆ ಮೇಲೆಯೂ ಕಲಿತುದನ್ನು ಇಲ್ಲಿ ಹೇಳುತ್ತೇವೆ. ಬಣ್ಣವನ್ನು ಕಡೆಗೆ ನೋಡಿರಿ. ಮೊದಲು ವಾದ್ಯದ ದಂಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಬಡಗಿಯು ರೀಪನ್ನು ನೋಡುವಂತೆ ತುದಿಯಿಂದ ನೋಡಿದರೆ ಅದು ಸೊಟ್ಟಗಿದೆಯೋ ನೆಟ್ಟಗಿದೆಯೋ ಎಂಬುದು ತಿಳಿಯುತ್ತದೆ. ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿಯನ್ನು ಒತ್ತದೆ ಬೆರಳನ್ನು ಸೋಕಿಸಿ ಮೀಟಿದರೆ ಗಂಟೆಯಂಥ ಒಂದು ಸ್ವರ ಬರುವುದು. ಅಲ್ಲಿಯೇ ಒತ್ತಿ ಮೀಟಿದರೆ ಬರತಕ್ಕ ಸ್ವರವೂ ಅದೇ ಆಗಿರಬೇಕು. ಅಂಗಡಿಯವನಿಗೆ ಬೇಸರವಾದರೂ ಚಿಂತೆಯಿಲ್ಲ, ಪ್ರತಿಯೊಂದು ತಂತಿಯನ್ನೂ ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಮೀಟಿ ನೋಡಬೇಕು. ಇನ್ನು ತಂತಿಯ ಉದ್ದ. ಫೆಂಡರ್ ಮಾದರಿಯಲ್ಲಿ ಇದು ಇಪ್ಪತ್ತೈದೂವರೆ ಅಂಗುಲ, ಅಂದರೆ 648 ಮಿಲಿಮೀಟರ್. ಗಿಬ್ಸನ್ ಮಾದರಿಯಲ್ಲಿ ಇಪ್ಪತ್ತನಾಲ್ಕೂ ಮುಕ್ಕಾಲು ಅಂಗುಲ, ಸುಮಾರು 628 ಮಿಲಿಮೀಟರ್. ಚಿಕ್ಕ ಕೈಯುಳ್ಳ ಹೆಣ್ಣುಮಕ್ಕಳಿಗೆ ಎರಡನೆಯದೇ ಅನುಕೂಲ, ಯಾಕಂದರೆ ಮೆಟ್ಟಿಲುಗಳು ಹತ್ತಿರ ಹತ್ತಿರವಾಗಿದ್ದು ತಂತಿಯ ಬಿಗಿತವೂ ತುಸು ಕಡಿಮೆ. ಆ ಅಂಗಡಿಯಲ್ಲಿ ಅಂಥದ್ದೊಂದು ಇತ್ತು. ಬೆಲೆಯನ್ನು ಕೇಳಿ ನಾವು ಬರಿಗೈಯಲ್ಲಿ ಬಸ್ಸು ಹತ್ತಿದೆವು.

ಹಾಗಾದರೆ ಮಾಡಿಕೊಳ್ಳಬಾರದೇಕೆ ಎಂಬ ಆಲೋಚನೆಯು ಆ ಬಸ್ಸಿನಲ್ಲಿಯೇ ಹುಟ್ಟಿತು. ನಮ್ಮ ತಂದೆಯವರು ಮಿಶನ್ ಕೈಗಾರಿಕಾ ಶಾಲೆಯಲ್ಲಿ ಬಡಗಿಯ ಕೆಲಸವನ್ನು ಕಲಿಸುತ್ತಿದ್ದರು. ನಮ್ಮ ಸಹೋದರರಿಗೆ ಹತ್ತನೆಯ ವಯಸ್ಸಿಗೇ ಉಳಿ ಹಿಡಿಯುವುದನ್ನು ತೋರಿಸಿಕೊಟ್ಟರು. ನಾವು ಹತ್ತಿರ ಹೋದರೆ "ಕೈ ಕುಯ್ದುಕೊಂಡೀಯೆ ಮಗಳೇ, ಒಳಗೆ ಹೋಗಿ ಓದು" ಎನ್ನುತ್ತಿದ್ದರು. ಓದಿದೆವು, ಅದಕ್ಕಾಗಿ ಅವರಿಗೆ ಋಣಿಗಳೂ ಆಗಿದ್ದೇವೆ. ಆದರೆ ಕೀಸುಳಿಯ ಬಾಯಿಂದ ಸುರುಳಿ ಸುರುಳಿಯಾಗಿ ಬೀಳುತ್ತಿದ್ದ ಮರದ ಹೊಟ್ಟನ್ನು ಹೆಕ್ಕುವುದಕ್ಕೆ ಮಾತ್ರ ನಮಗೆ ಅಪ್ಪಣೆಯಿತ್ತೆಂಬುದನ್ನು ಮರೆತಿಲ್ಲ. ಅವರ ತರುವಾಯ ಹತಾರಗಳ ಪೆಟ್ಟಿಗೆಯು ಅಣ್ಣನ ಮನೆಯ ಅಟ್ಟದಲ್ಲಿತ್ತು. ಕೇಳಿದ ಕೂಡಲೇ ಅವನು, ತುಕ್ಕು ಹಿಡಿದಿದೆ ಎಂದು ನಗುತ್ತ ಕೊಟ್ಟನು. ಒಂದು ವಾರ ಆ ಉಳಿಗಳನ್ನು ಮಸೆಯುವುದರಲ್ಲಿಯೇ ಕಳೆಯಿತು.

ಮರದ ವಿಷಯಕ್ಕೆ ಬರುತ್ತೇನೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರು ಕಾಯುತ್ತಿರಬಹುದು. ವಿಜ್ಞಾನದ ಕೊಠಡಿಯ ಮಾಡನ್ನು ರಿಪೇರಿ ಮಾಡಿಸಿದಾಗ ಹಿಂಬದಿಯ ಉದ್ದ ಬೆಂಚೊಂದರ ಕಾಲುಗಳಿಗೆ ಗೆದ್ದಲು ಹಿಡಿದುದು ಕಂಡುಬಂದಿತು. ಹಲಗೆಗೆ ಏನೂ ಆಗಿರಲಿಲ್ಲ; ಹಲಸಿನ ಹಲಗೆಯಾಗಿತ್ತು. ಹಳೆಯ ಸಾಮಾನುಗಳ ಹರಾಜಿನಲ್ಲಿ ಅದನ್ನು ನಮ್ಮ ಸ್ವಂತ ಹಣದಿಂದ ಕೂಗಿ ಕೊಂಡು ರಸೀದಿಯನ್ನು ಇಟ್ಟುಕೊಂಡಿದ್ದೇವೆ. ವೀಣೆಯ ಕೊಡವನ್ನು ಹಲಸಿನಿಂದಲೇ ಕೊರೆಯುವರೆಂದು ತಿಳಿದಿದ್ದುದರಿಂದ ಈ ಮರವು ನಾದಕ್ಕೆ ಹೊಸದಲ್ಲವೆಂದು ನಂಬಿದೆವು. ಗಟ್ಟಿ ಒಡಲಿನ ವಿದ್ಯುತ್ ಗಿಟಾರಿನಲ್ಲಿ ಮರದಿಂದ ನಾದಕ್ಕೆ ಎಷ್ಟು ಸಹಾಯವೆಂಬುದರ ಕುರಿತು ಬಲ್ಲವರೊಳಗೆ ಜಗಳವಿದೆ. ಆ ಜಗಳಕ್ಕೆ ನಾವು ಹೋಗುವುದಿಲ್ಲ.

ಕಷ್ಟವಿದ್ದುದು ಬೇರೆ ಕಡೆಯಲ್ಲಿ. ಕೀಸುಳಿಯನ್ನು ಇಡಬೇಕೆಂದು ಹಲಗೆಯ ಧೂಳನ್ನು ಒರೆಸಿದಾಗ ಅದರ ಮೈತುಂಬ ಹೆಸರುಗಳೂ ಅಕ್ಷರಗಳೂ ಇಸವಿಗಳೂ ಎದ್ದುಬಂದವು. ಕೈವಾರದ ಮೊನೆಯಿಂದ ಕೊರೆದವುಗಳು. ಶಾಯಿಯನ್ನು ತುಂಬಿಸಿ ಗಟ್ಟಿಗೊಳಿಸಿದವುಗಳು. 1968, 1974, 1981. ಒಂದು ಕಡೆ ತ್ರಿಭುಜದ ಪ್ರಮೇಯದ ಅರ್ಧ. ಒಂದು ಕಡೆ 1994 ಎಂಬ ಇಸವಿ, ಅದರ ಪಕ್ಕದಲ್ಲಿ ಎರಡು ಅಕ್ಷರಗಳು. ಅವು ಯಾರವೆಂದು ನಾವು ಬಲ್ಲೆವು, ಆದರೆ ಹೇಳಲಾರೆವು. ಶಾಲೆಯ ಸೊತ್ತನ್ನು ಕೆಡಿಸಿದವರಿಗೆ ದಂಡ ವಿಧಿಸುವ ಕೆಲಸವು ಈಗ ನಮ್ಮದೇ ಆಗಿದೆ. ಕೀಸುಳಿಯನ್ನು ಕೆಳಗಿಟ್ಟು ಎರಡು ವಾರ ಆ ಹಲಗೆಯನ್ನು ಮುಟ್ಟಲಿಲ್ಲ. ಕಡೆಗೆ, ಕೆಳಮುಖವನ್ನು ಮಾತ್ರ ಕೀಸಿ ಅದನ್ನೇ ಗಿಟಾರಿನ ಮುಂಭಾಗವನ್ನಾಗಿ ಮಾಡುವುದು, ಹೆಸರುಗಳಿರುವ ಮುಖವನ್ನು ಹಾಗೆಯೇ ಬೆನ್ನಾಗಿ ಉಳಿಸುವುದು ಎಂದು ಗೊತ್ತುಮಾಡಿದೆವು. ಒಡಲಿನ ಆಕಾರವನ್ನು ಕಾಗದದಲ್ಲಿ ಕತ್ತರಿಸಿ ಹಲಗೆಯ ಮೇಲೆ ಅತ್ತಿತ್ತ ಸರಿಸಿ ನೋಡಿದರೂ ಎಲ್ಲ ಹೆಸರುಗಳೂ ಒಳಗೆ ಬರಲಿಲ್ಲ. ಹೊರಗುಳಿದ ತುಂಡುಗಳನ್ನು ಬಿಸಾಡಿಲ್ಲ, ನಮ್ಮ ಕಪಾಟಿನಲ್ಲಿವೆ.

ದಂಡಿಗೆ ಹಳೆಯ ಬಾಗಿಲುವಾಡದ ತೇಗ, ನೇರವಾದ ಎಳೆಯುಳ್ಳದ್ದು. ಆರು ತಂತಿಗಳು ಕೂಡಿ 40 ಕಿಲೋಗ್ರಾಮಿಗಿಂತಲೂ ಹೆಚ್ಚಿನ ಬಲದಿಂದ ಅದನ್ನು ಎಳೆಯುವುದರಿಂದ ಒಳಗೆ ಉಕ್ಕಿನ ಸರಳೊಂದನ್ನು ಹುದುಗಿಸಬೇಕಾಗುತ್ತದೆ. ಒಡಲಿಗೆ ಅದನ್ನು ಅಂಟಿಸದೆ, ಫೆಂಡರರ ಪದ್ಧತಿಯಂತೆ ನಾಲ್ಕು ತಿರುಪುಗಳಿಂದ ಬಿಗಿದೆವು. ಕೆಟ್ಟರೆ ದಂಡಿಯೊಂದನ್ನೇ ಬದಲಿಸಬಹುದು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ದಂಡಿಯ ಮೇಲೆ ಬೆರಳಾಡಿಸುವ ಪಟ್ಟಿಗೆ ಬೀಟೆಯೇ ಬೇಕೆಂಬುದು ನಮ್ಮ ಹಟವಾಗಿತ್ತು. ನಮ್ಮ ಮಲೆನಾಡಿನ ಬೀಟೆಯು ಗಿಟಾರು ಮಾಡುವವರಲ್ಲಿ ಲೋಕಪ್ರಸಿದ್ಧವಾಗಿದೆ. ಆದರೆ ಮರವನ್ನು ಕಡಿಯಲು ಸರಕಾರದ ಅಪ್ಪಣೆ ಬೇಕು. 2017ರಿಂದ ದೇಶಾಂತರ ವ್ಯಾಪಾರಕ್ಕೂ ಕಟ್ಟುಗಳಾದವು, 2019ರಲ್ಲಿ ಮಾಡಿ ಮುಗಿಸಿದ ವಾದ್ಯಗಳಿಗೆ ಮಾತ್ರ ಅವು ಸಡಿಲವಾದವು. ನಮಗೆ ದೊರೆತುದು ಅಜ್ಜಿಯ ಮುರಿದ ಮಂಚದ ಎರಡು ಪಟ್ಟಿಗಳು. ಎರಡೇ.

ಇಲ್ಲಿ ನಮ್ಮ ಮಾನಭಂಗದ ಕಥೆಯು ಬರುತ್ತದೆ. ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುವುದರಿಂದ ಕಿವಿಯಿಂದ ಕೇಳಿ ಸರಿಸಿ ಸರಿಪಡಿಸಬಹುದು. ಗಿಟಾರಿನಲ್ಲಿ ಹಾಗಲ್ಲ, ಗರಗಸದಿಂದ ಗೆರೆ ಕೊಯ್ದು ಲೋಹದ ತಂತಿಯನ್ನು ಬಡಿದು ಕೂರಿಸಿದ ಮೇಲೆ ಅದು ಅಲ್ಲಿಯೇ. ಆದಕಾರಣ ಲೆಕ್ಕವು ಮೊದಲೇ ಸರಿಯಿರಬೇಕು. ತಂತಿಯ ಉದ್ದವನ್ನು 18ರಿಂದ ಭಾಗಿಸಿ, ಬಂದ ಉದ್ದಕ್ಕೆ ಮೊದಲನೆಯ ಮೆಟ್ಟಿಲು, ಉಳಿದುದನ್ನು ಪುನಃ 18ರಿಂದ ಭಾಗಿಸಿ ಎರಡನೆಯದು, ಹೀಗೆ ಮುಂದೆ ಹೋಗಬೇಕೆಂದು ಒಂದು ಹಳೆಯ ಪುಸ್ತಕದಲ್ಲಿ ಓದಿದ್ದೆವು. ಈ ಸೂತ್ರವನ್ನು 1581ರಲ್ಲಿ ಬರೆದವರು ವಿಂಚೆಂಜೊ ಗೆಲಿಲಿ. ಖಗೋಲಶಾಸ್ತ್ರಜ್ಞ ಗೆಲಿಲಿಯೋನ ತಂದೆ. ಅಷ್ಟು ದೊಡ್ಡ ಮನೆತನದ ಮಾತನ್ನು ಪರೀಕ್ಷಿಸುವುದು ನಮಗೆ ತೋಚಲಿಲ್ಲ. ಇಪ್ಪತ್ತು ವರುಷಗಳಿಂದ ಗಣಿತವನ್ನು ಕಲಿಸಿದ ನಾವು ಇಪ್ಪತ್ತೊಂದು ಗೆರೆಗಳನ್ನು ಅಜ್ಜಿಯ ಬೀಟೆಯಲ್ಲಿ ಕೊಯ್ದು ಮುಗಿಸಿದೆವು.

ಶನಿವಾರ ಮಧ್ಯಾಹ್ನಗಳಲ್ಲಿ ಸಹಾಯಕ್ಕೆ ಬರುತ್ತಿದ್ದ ನಾಲ್ವರು ಹುಡುಗಿಯರಲ್ಲಿ ಒಂಬತ್ತನೆಯ ತರಗತಿಯ ಒಬ್ಬಳು, ಹೊಲಿಗೆಯ ನೂಲೊಂದನ್ನು ಮೇರುವಿನಿಂದ ಕುದುರೆಯ ಸ್ಥಾನದವರೆಗೆ ಹಿಡಿದು, ಅದನ್ನು ಎರಡಾಗಿ ಮಡಿಚಿ, ಹನ್ನೆರಡನೆಯ ಗೆರೆಯ ಮೇಲಿಟ್ಟಳು. "ಟೀಚರ್, ಅರ್ಧಕ್ಕೆ ಮೇಲಿನ ಸ ಬರಬೇಕು ಅಂದಿರಲ್ಲ. ಇದು ಅರ್ಧಕ್ಕಿಂತ ಈಚೆ ನಿಂತಿದೆ" ಎಂದಳು. ಅಳೆದು ನೋಡಿದೆವು. 314 ಮಿಲಿಮೀಟರಿನಲ್ಲಿರಬೇಕಾದ ಗೆರೆಯು 311.7ರಲ್ಲಿತ್ತು. ಸ್ವರಸ್ಥಾನಗಳು ಹನ್ನೆರಡೂ ಸಮಪಾಲಾಗಿ, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ ಬರಬೇಕಾದರೆ, ಭಾಜಕವು 18 ಅಲ್ಲ, 17.817. ಇದು ಗುಣೋತ್ತರ ಶ್ರೇಢಿಯ ಸಾಮಾನ್ಯ ಲೆಕ್ಕ; ನಾವೇ ಎಷ್ಟೋ ಸಲ ಕಪ್ಪುಹಲಗೆಯ ಮೇಲೆ ಮಾಡಿತೋರಿಸಿದ್ದು. ಆ ಹುಡುಗಿಗೆ ಶ್ರೇಢಿಯ ಹೆಸರೂ ತಿಳಿಯದು. ಅವಳ ಬಳಿಯಿದ್ದುದು ಒಂದು ನೂಲು. ಪಟ್ಟಿಯು ಕೆಟ್ಟಿತು. ನಾಲ್ವರೂ ನಮ್ಮ ಮುಖವನ್ನೇ ನೋಡುತ್ತಿದ್ದರು. ಹಿಂದೊಮ್ಮೆ ಒಬ್ಬಳನ್ನು ತರಗತಿಗೆ ಕಳುಹಿಸಿದ್ದು ನೆನಪಾಗಿ, ಈ ಸಲ, "ತಪ್ಪು ನಮ್ಮದು, ನೀನೇ ಸರಿ" ಎಂದು ಹೇಳಿದೆವು. ಹೇಳುವುದು ನಾವು ಎಣಿಸಿದ್ದಕ್ಕಿಂತ ಕಷ್ಟವಾಗಿತ್ತು. ಎರಡನೆಯ ಪಟ್ಟಿಗೆ ಗೆರೆಗಳನ್ನು ಗುರುತಿಸಿದವಳು ಅವಳು. ಪ್ರತಿಯೊಂದನ್ನೂ ಹಿಂದಿನ ಗೆರೆಯಿಂದ ಅಳೆಯದೆ ಮೇರುವಿನಿಂದಲೇ ಅಳೆದಳು, ಒಂದರ ತಪ್ಪು ಮುಂದಿನದಕ್ಕೆ ಸೇರಬಾರದೆಂದು.

ಇನ್ನು ವಿದ್ಯುತ್ತಿನ ಭಾಗ. 1831ರಲ್ಲಿ ಫ್ಯಾರಡೆಯವರು ಕಂಡುಹಿಡಿದ ತತ್ತ್ವವೇ ಇಲ್ಲಿರುವುದು. ಪ್ರತಿಯೊಂದು ತಂತಿಯ ಕೆಳಗೂ ಒಂದು ಸಣ್ಣ ಅಯಸ್ಕಾಂತದ ಕಡ್ಡಿ. ಆರು ಕಡ್ಡಿಗಳ ಸುತ್ತಲೂ ಕೂದಲಿಗಿಂತ ಸಪೂರವಾದ ತಾಮ್ರದ ತಂತಿಯ ಸುಮಾರು 8,000 ಸುತ್ತುಗಳು. ಉಕ್ಕಿನ ತಂತಿಯು ಅದುರಿದಾಗ ಅಯಸ್ಕಾಂತದ ಕ್ಷೇತ್ರವೂ ಅದುರಿ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ನೈಲಾನಿನ ತಂತಿಯನ್ನು ಹಾಕಿದರೆ ಎಷ್ಟು ಮೀಟಿದರೂ ಏನೂ ಕೇಳಿಸದು. ಪಿಕಪ್ ಎಂದು ಹೆಸರಾದ ಇದನ್ನು ಕೊಂಡುಕೊಳ್ಳಬಹುದಿತ್ತು. ಆದರೆ ಫೆಂಡರ್ ಕಾರ್ಖಾನೆಯಲ್ಲಿ 1956ರಲ್ಲಿ ಸೇರಿದ ಅಬಿಗೇಲ್ ಇಬಾರಾ ಎಂಬ ಮಹಿಳೆಯು ಹತ್ತಾರು ವರುಷ ಇವುಗಳನ್ನು ಕೈಯಿಂದ ಸುತ್ತಿ ಹೆಸರುವಾಸಿಯಾದರೆಂದು ಓದಿದ ಮೇಲೆ, ಕೊಳ್ಳೋಣವೆಂದರೆ ಹುಡುಗಿಯರು ಕೇಳಲಿಲ್ಲ. ಹೊಲಿಗೆ ತರಗತಿಯ ಯಂತ್ರದಲ್ಲಿ ಬಾಬಿನ್ನಿಗೆ ನೂಲು ಸುತ್ತುವ ಕಡ್ಡಿಗೆ ಸುರುಳಿಯನ್ನು ಸಿಕ್ಕಿಸಿದೆವು. ಸುತ್ತುಗಳನ್ನು ಎಣಿಸುವುದಕ್ಕೆ ಒಂದು ಅಗ್ಗದ ಕ್ಯಾಲ್ಕುಲೇಟರು: ಒಂದಕ್ಕೆ ಒಂದು ಕೂಡಿಸಿ, ಸಮ ಚಿಹ್ನೆಯ ಗುಂಡಿಗೆ ಎರಡು ತಂತಿಗಳನ್ನು ಬೆಸೆದು, ಚಕ್ರವು ಸುತ್ತಿದಾಗಲೆಲ್ಲ ಅವು ಒಮ್ಮೆ ಕೂಡುವಂತೆ ಮಾಡಿದರೆ ಅದು ತಾನಾಗಿಯೇ ಎಣಿಸುತ್ತ ಹೋಗುತ್ತದೆ. ಮೊದಲನೆಯ ಸಲ ಮೂರು ಸಾವಿರ ದಾಟಿದ ಮೇಲೆ ತಂತಿಯು ತುಂಡಾಯಿತು. ಎರಡನೆಯ ಸಲ ನಮ್ಮ ಹೊಲಿಗೆಯ ಉಪಾಧ್ಯಾಯಿನಿಯವರು ಹುಡುಗಿಯರನ್ನು ಎಬ್ಬಿಸಿ ತಾವೇ ಕುಳಿತರು. ತಂತಿಯನ್ನು ಎರಡು ಬೆರಳುಗಳ ನಡುವೆ ಎಷ್ಟು ಬಿಗಿಯಾಗಿ ಬಿಡಬೇಕೆಂಬುದು ಅವರಿಗೆ ಹುಟ್ಟುಗುಣವಾಗಿತ್ತು. ಗಿಟಾರೆಂದರೆ ಮೂಗು ಮುರಿಯುತ್ತಿದ್ದವರು ಆ ಮೇಲೆ ಪ್ರತಿ ಶನಿವಾರವೂ ಬಂದರು.

ಎಲ್ಲವನ್ನೂ ಜೋಡಿಸಿ, ತಂತಿಗಳನ್ನು ಬಿರಡೆಗಳಿಗೆ ಸುತ್ತಿ, ಆಂಪ್ಲಿಫಯರಿಗೆ ಸಿಕ್ಕಿಸಿದ ಸಂಜೆ ಬಂದ ಮೊದಲನೆಯ ದನಿಯು ಸಂಗೀತದ್ದಾಗಿರಲಿಲ್ಲ. ಗುಂಯ್ ಎಂಬ ಒಂದೇ ಸದ್ದು. ಬಾಗಿಲಲ್ಲಿದ್ದ ಕಾವಲುಗಾರರು ಇಣಿಕಿ, "ಅಮ್ಮಾ, ಒಳಗೆ ಜೇನು ಕೂತಿದೆಯೋ?" ಎಂದು ಕೇಳಿದರು. ಮನೆಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ ಐವತ್ತು ಸಲ ಅದುರುವುದರಿಂದ ಒಂಟಿ ಸುರುಳಿಯು ಅದನ್ನೂ ಹಿಡಿಯುತ್ತದೆ. ಇದಕ್ಕಾಗಿಯೇ ಗಿಬ್ಸನ್ ಕಾರ್ಖಾನೆಯ ಸೆತ್ ಲವರ್ ಎಂಬವರು 1955ರಲ್ಲಿ, ಒಂದರ ಗುಂಯ್‌ಕಾರವನ್ನು ಇನ್ನೊಂದು ಅಳಿಸುವಂಥ ಜೋಡಿ ಸುರುಳಿಯನ್ನು ರಚಿಸಿದರು. ನಮ್ಮದು ಮಾತ್ರ ಅಷ್ಟು ದೊಡ್ಡ ಕಾರಣವಲ್ಲ. ಕುದುರೆಯಿಂದ ಭೂಸಂಪರ್ಕಕ್ಕೆ ಹೋಗಬೇಕಾದ ಒಂದು ಗೇಣು ತಂತಿಯನ್ನು ಬೆಸೆಯಲು ಮರೆತಿದ್ದೆವು. ಅದನ್ನು ಬೆಸೆದು, ಗುಳಿಯ ಒಳಗೆ ತಾಮ್ರದ ತಗಡನ್ನು ಅಂಟಿಸಲು ಜೇನು ಬಹುಮಟ್ಟಿಗೆ ಎದ್ದುಹೋಯಿತು. ಒಂದು ಎಚ್ಚರಿಕೆಯನ್ನು ತಂದೆತಾಯಿಗಳು ಮರೆಯಬಾರದು: ಗೋಡೆಯ ಮೂರು ರಂಧ್ರದ ಸಾಕೆಟ್ಟಿನಲ್ಲಿ ಭೂಸಂಪರ್ಕವು ಸರಿಯಿಲ್ಲದಿದ್ದರೆ ಈ ವಾದ್ಯವನ್ನು ಹಚ್ಚಲೇಬಾರದು, ಆಂಪ್ಲಿಫಯರಿನ ಒಳಗೆ ಮಕ್ಕಳು ಕೈಯಿಡಲೇಬಾರದು.

ಅನಂತರ ನೂಲಿನ ಹುಡುಗಿಯು ಕುಳಿತು ಒಂದೊಂದೇ ತಂತಿಯನ್ನು ಮೀಟಿದಳು. ಹನ್ನೆರಡನೆಯ ಮೆಟ್ಟಿಲಿನಲ್ಲಿ ಸೋಕಿಸಿದ ಸ್ವರವೂ ಒತ್ತಿದ ಸ್ವರವೂ ಒಂದೇ ಆಗಿ ಬಂದಾಗ ಅವಳು ನಮ್ಮ ಕಡೆಗೆ ತಿರುಗಿ ನೋಡಿದಳು, ಏನೂ ಹೇಳಲಿಲ್ಲ. ದನಿಯು ನಾವು ಹೆದರಿದಂತೆ ಗದ್ದಲದ್ದಲ್ಲ. ಮೀಟಿದ ಸ್ವರವು ಬೇಗನೆ ಸಾಯದೆ, ಮುಸ್ಸಂಜೆಯ ಬೆಳಕಿನಂತೆ ಬಹಳ ಹೊತ್ತು ಕೋಣೆಯಲ್ಲಿ ನಿಂತಿತ್ತು.

ವಾದ್ಯದ ತೂಕ ಸುಮಾರು ನಾಲ್ಕು ಕಿಲೋ. ಬಿಡಿಭಾಗಗಳಿಗೆ ಆದ ಖರ್ಚು ಒಂಬತ್ತು ಸಾವಿರ ರೂಪಾಯಿಗೆ ತುಸು ಕಡಿಮೆ. ಶಾಲೆಯ ಹಣದಿಂದ ಒಂದು ಕಾಸೂ ಇಲ್ಲ. ಕುದುರೆಯ ಒಂದು ಮೂಲೆ ಸ್ವಲ್ಪ ವಾಲಿದೆ, ಅದನ್ನು ಸರಿಪಡಿಸಬೇಕು. ನಮಗೆ ಇನ್ನೂ ಮೂರು ಸ್ವರಮೇಳಗಳು ಮಾತ್ರ ಬರುತ್ತವೆ. ಹುಡುಗಿಯರು ಎರಡನೆಯದನ್ನು ಮಾಡತೊಡಗಿದ್ದಾರೆ; ಇಂಗ್ಲೆಂಡಿನ ಬ್ರಯನ್ ಮೇ ಎಂಬ ಹುಡುಗನು 1963ರಲ್ಲಿ ಕೆಲಸಕ್ಕೆ ತೊಡಗಿ ತನ್ನ ತಂದೆಯೊಡನೆ ಹಳೆಯ ಬೆಂಕಿಗೂಡಿನ ಮರದಿಂದಲೂ ತಾಯಿಯ ಅಂಗಿಗುಂಡಿಗಳಿಂದಲೂ ಗಿಟಾರನ್ನು ಮಾಡಿ ಲೋಕವನ್ನೆಲ್ಲ ಸುತ್ತಿದನೆಂದು ಕೇಳಿದಂದಿನಿಂದ ಅವರು ಮನೆಗಳಲ್ಲಿ ಗುಂಡಿಗಳನ್ನು ಹುಡುಕುತ್ತಿದ್ದಾರೆ. ನಿಮ್ಮ ಹೊಲಿಗೆಯ ಡಬ್ಬಿಗಳಲ್ಲಿ ಏನಾದರೂ ಕಾಣೆಯಾಗಿದ್ದರೆ ಕಾರಣವು ಇದೆಂದು ತಿಳಿಯಿರಿ.

ಕೆಂಪು ಶಾಯಿಯ ಚೀಟಿಯ ವಿದ್ಯಾರ್ಥಿನಿಗೆ, ದಾಖಲೆ ಪುಸ್ತಕದಲ್ಲಿದ್ದ ಹಳೆಯ ವಿಳಾಸಕ್ಕೆ ಎರಡು ಕಾಗದಗಳನ್ನು ಬರೆದೆವು. ಒಂದು ತಿರುಗಿ ಬಂತು, ಇನ್ನೊಂದಕ್ಕೆ ಉತ್ತರವಿಲ್ಲ. ಆಕೆಯ ಜೊತೆಯಲ್ಲಿ ಓದಿದವರು ಈ ಪುಟವನ್ನು ನೋಡಿದರೆ, ನೀನು ಕೇಳಿದ ಪ್ರಶ್ನೆಗೆ ಈಗ ಉತ್ತರವಿದೆ, ಕೇಳಿದ್ದೇವೆ ಎಂದು ಟೀಚರ್ ಹೇಳಿದರೆಂದು ತಿಳಿಸಬೇಕಾಗಿ ಕೋರುತ್ತೇವೆ. ಹಳೆಯ ವಿದ್ಯಾರ್ಥಿನಿಯರ ಸಮ್ಮೇಳನದ ದಿನ ಗಿಟಾರು ಸಂಗೀತದ ಕೊಠಡಿಯಲ್ಲಿರುವುದು. ಬೆನ್ನನ್ನು ತಿರುಗಿಸಿ ನಿಮ್ಮ ನಿಮ್ಮ ಹೆಸರುಗಳನ್ನು ಹುಡುಕಿಕೊಳ್ಳಬಹುದು, ದಂಡವಿಲ್ಲ. ನುಡಿಸಿದವರು ತಂತಿಗಳನ್ನು ಒರೆಸಿಡಬೇಕು, ಕೈಬೆವರಿಗೆ ತುಕ್ಕು ಹಿಡಿಯುತ್ತದೆ; ಬಟ್ಟೆಯು ಕಿಟಕಿಯ ಪಕ್ಕದ ಡಬ್ಬಿಯಲ್ಲಿದೆ.